ಯಲಬುರ್ಗಾದ ಸೈಕಲ್ ಬಾಯಿ

ಅವರ ಬಲಗಾಲಿನ ಮೀನಖಂಡದ ಮೇಲೆ ನಾಯಿ ಕಚ್ಚಿದ ಕಲೆಗಳಿದ್ದವು. ಹಳೆಯವು ಮಾಸಿ ಬಿಳಿಚಿಕೊಂಡಿದ್ದವು. ಒಂದು ಮಾತ್ರ ಕೆಂಪಗೆ ಉಬ್ಬಿಕೊಂಡು, ಹೊಲಿಗೆ ಎಳೆದ ಬಟ್ಟೆಯಂತೆ ಸುಕ್ಕುಗಟ್ಟಿತ್ತು. ಅದು ನಮ್ಮ ಮನೆಯ ನಾಯಿ ಕಚ್ಚಿದ್ದು.

ಅವರು ಯಲಬುರ್ಗಾದ ಸರಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ಬಾಯಿ. ನಿಜಾಮರ ಆಳ್ವಿಕೆಯ ಕೊನೆಯ ಕಾಲ ಅದು. ನಾನು ಗಂಗಾವತಿ ಕಡೆಯ ಮರಳಿಯಿಂದ, ಬತ್ತದ ಗದ್ದೆಗಳ ನಡುವಿನಿಂದ, ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯ ಮೇಲಿನ ಈ ಜೋಳದ ಸೀಮೆಯ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಬಂದ ವಾರದಲ್ಲೇ ಅವರನ್ನು ನೋಡಿದೆ. ಇಳಕಲ್ಲ ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿ, ನಡುವೆ ದಂಡಿಗೆಯಿದ್ದ ಗಂಡಸರ ಸೈಕಲ್ ಮೇಲೆ ಕೂತು, ಹಿಂದೆ ಚರ್ಮದ ಚೀಲ ಕಟ್ಟಿಕೊಂಡು ಊರೊಳಗೆ ಬಂದರು. ಊರಬಾಗಿಲಿನ ಅಗಸಿ ಕಟ್ಟೆಯ ಮೇಲಿದ್ದ ಗಂಡಸರಲ್ಲಿ ಒಬ್ಬ ಕ್ಯಾಕರಿಸಿ ಉಗುಳಿದ. ಅವರು ಆ ಉಗುಳನ್ನು ತಪ್ಪಿಸಿ ಗಾಲಿ ತಿರುಗಿಸಿಕೊಂಡು ಮುಂದೆ ಹೋದರು. ಅವರಿಗೆ ಅದೂ ರೂಢಿಯಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಸುತ್ತಲ ಯಾವ ಊರಿಗೂ ಅವರು ಬೇಕಾಗಿರಲಿಲ್ಲ. ಹೆಂಗಸು ಸೈಕಲ್ ಹೊಡೆಯುವುದೇ ಒಂದು ಅಪರಾಧ. ಗಂಡ ಯಾರು, ಜಾತಿ ಯಾವುದು ಎಂದು ಕೇಳಿದರೆ ಅವರು ಉತ್ತರ ಕೊಡುತ್ತಿರಲಿಲ್ಲ, ಅದು ಎರಡನೆಯದು. ಊರ ಹೊರಗಿನ ಕೇರಿಗೂ ಗೌಡರ ಮನೆಗೂ ಅದೇ ಕೈ, ಅದೇ ಚೀಲ ಹಿಡಿದು ಹೋಗುತ್ತಿದ್ದರು, ಅದಕ್ಕಂತೂ ಕ್ಷಮೆಯೇ ಇರಲಿಲ್ಲ. ದಾರಿಯಲ್ಲಿ ಜಾಲಿಯ ಮುಳ್ಳು ಹರವಿಡುತ್ತಿದ್ದರು. ಅವರು ಇಳಿದು, ಮುಳ್ಳು ಸರಿಸಿ, ಮತ್ತೆ ಹತ್ತುತ್ತಿದ್ದರು.

ನಮ್ಮ ಮನೆಯಲ್ಲಿ ದ್ವೇಷಕ್ಕೆ ಇನ್ನೊಂದು ಕಾರಣವಿತ್ತು. ನಮ್ಮತ್ತೆ ಊರಿನ ಸೂಲಗಿತ್ತಿ. ಅರ್ಧ ಊರನ್ನು ಅವರೇ ಕೈಯಲ್ಲಿ ಹಿಡಿದು ಭೂಮಿಗೆ ಇಳಿಸಿದವರು. ಎಲ್ಲಿಂದಲೋ ಬಂದವಳು ಬಿಸಿನೀರು ಕಾಯಿಸು, ಉಗುರು ಕತ್ತರಿಸು, ಹೊಕ್ಕುಳಬಳ್ಳಿಗೆ ಕುಡುಗೋಲು ಹಚ್ಚಬೇಡ ಎಂದು ತಮಗೇ ಹೇಳಿದಳೆಂದು ಅತ್ತೆ ಕುದಿಯುತ್ತಿದ್ದರು. ಆಕೆಯ ಹೆಸರೆತ್ತಿದರೆ ಸಾಕು, ಹುಲಿಗೆಮ್ಮನಿಗೆ ಕೈಮುಗಿದು, ಆಕೆಯ ಕಾಲು ಮುರಿಯಲಿ ಎಂದು ಬೇಡಿಕೊಳ್ಳುತ್ತಿದ್ದರು. ತಾಯಿಯ ಆ ಮಾತನ್ನು ಕೇಳಿಕೊಂಡೇ ನನ್ನ ಮೈದುನ ಒಂದು ಮುಂಜಾನೆ ನಾಯಿಯ ಹಗ್ಗ ಬಿಚ್ಚಿ ಛೂ ಬಿಟ್ಟ.

ನಾಯಿ ಕಾಲು ಹಿಡಿದು ಜಗ್ಗಿತು. ಸೈಕಲ್ ಸಮೇತ ಅವರು ನಮ್ಮ ಬಾಗಿಲ ಮುಂದೆಯೇ ಬಿದ್ದರು. ನಾನು ನೀರಿನ ತಂಬಿಗೆ ಹಿಡಿದು ಹೊರಗೆ ಕಾಲಿಟ್ಟೆ. ಅತ್ತೆ ಒಳಗೆ ಹೋಗೆಂದು ಗದರಿದರು. ಬಾಯಾರು ತಾವೇ ಎದ್ದು ಕೂತು, ಚೀಲದಿಂದ ಸೀಸೆ ತೆಗೆದು ಗಾಯಕ್ಕೆ ಸುರಿದುಕೊಂಡು ಬಟ್ಟೆ ಕಟ್ಟಿಕೊಂಡರು. ಅಳಲಿಲ್ಲ, ಬೈಯಲಿಲ್ಲ. ಮೈದುನನ ಕಡೆ ನೋಡಿ, "ನಾಯಿ ಮ್ಯಾಲ ನನಗ ಸಿಟ್ಟಿಲ್ಲ," ಅಂದರು. ಮುಂದಿನ ವಾರ ಕುಂಟುತ್ತ ಸೈಕಲ್ ತಳ್ಳಿಕೊಂಡು ಮತ್ತೆ ಬಂದರು.

ಅವರು ಸಾಧು ಸ್ವಭಾವದವರೆಂದು ಯಾರೂ ತಿಳಿಯಬಾರದು. ನಾಲಿಗೆ ಭಾಳ ಕೆಟ್ಟದ್ದು. ಬಸುರಿಯರನ್ನೂ ಗದರುತ್ತಿದ್ದರು. ಅವರು ನಕ್ಕದ್ದನ್ನು ನಾನು ಒಮ್ಮೆ ಮಾತ್ರ ನೋಡಿದೆ, ಅದೂ ಅವರಿಗೆ ಗೊತ್ತಿಲ್ಲದಂತೆ. ನಮ್ಮ ಕಡೆಯ ದಾರಿ ಸಪಾಟಲ್ಲ. ದೊಡ್ಡ ಗುಡ್ಡಗಳೂ ಇಲ್ಲ. ನೆಲ ನಿಧಾನಕ್ಕೆ ಏರಿ, ನಿಧಾನಕ್ಕೆ ಇಳಿದು, ಮತ್ತೆ ಏರುತ್ತದೆ. ಏರಿನಲ್ಲಿ ಅವರು ಇಳಿಯುತ್ತಿರಲಿಲ್ಲ. ಹಲ್ಲು ಕಚ್ಚಿ, ನಿಂತೇ ತುಳಿಯುತ್ತಿದ್ದರು. ನಾನು ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಗ, ದಿಬ್ಬ ಹತ್ತಿ ಮುಗಿಸಿದವರು ಇಳಿಜಾರಿಗೆ ಬಂದರು. ಸುತ್ತ ಯಾರೂ ಇಲ್ಲವೆಂದುಕೊಂಡು ಎರಡೂ ಕಾಲುಗಳನ್ನು ಪೆಡಲಿನಿಂದ ಎತ್ತಿ ಮುಂದಕ್ಕೆ ಚಾಚಿದರು. ಸೆರಗು ಬಿಚ್ಚಿ ಹಾರುತ್ತಿತ್ತು. ಹಳ್ಳದ ತನಕ ಹಾಗೇ ಹೋದರು, ನಗುತ್ತ.

ನನಗೆ ದಿನ ತುಂಬಿದಾಗ ತವರಿಗೆ ಕಳಿಸಲಿಲ್ಲ. ಸೂಲಗಿತ್ತಿಯ ಸೊಸೆ ಬೇರೆ ಕಡೆ ಹಡೆದರೆ ಮರ್ಯಾದೆಗೆ ಕುಂದು. ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆಯಿತು. ಅತ್ತೆ ಮೊದಲು ಧೈರ್ಯ ಹೇಳುತ್ತಿದ್ದರು, ಆಮೇಲೆ ಬೈಯತೊಡಗಿದರು, ಕೊನೆಗೆ ಸುಮ್ಮನಾದರು. ಅವರು ಸುಮ್ಮನಾದದ್ದಕ್ಕೇ ನನಗೆ ಹೆದರಿಕೆಯಾಯಿತು. ಕೂಸಿನ ಕಾಲು ಮುಂದಾಗಿ ಬಂದಿತ್ತು. ನನ್ನ ಗಂಡ ಹೊಸ್ತಿಲಾಚೆ ನಿಂತು, ದವಾಖಾನೆಯ ಬಾಯಿಯನ್ನು ಕರೆತರಲೇ ಎಂದು ಕೇಳಿದರು. ನಾ ಸತ್ತ ಮೇಲೆ ಕರೆತಾ ಎಂದರು ಅತ್ತೆ.

ಬಿಸಿಲೇರಿದಾಗ ದಾರಿಯಲ್ಲಿ ಸೈಕಲ್ ಗಂಟೆ ಕೇಳಿತು. ಸೊಸೆಯ ದನಿ ಅಂಗಳ ದಾಟಬಾರದ ಮನೆ ಅದು. ಇದ್ದಬದ್ದ ಉಸಿರೆಲ್ಲ ಕೂಡಿಸಿ, "ಬಾಯಾರ, ಬರ್ರಿ," ಎಂದು ಕೂಗಿದೆ.

ಸೈಕಲ್ ನಿಂತಿತು. ಅತ್ತೆ ಎದ್ದು ಹೋಗಿ ಬಾಗಿಲಿನ ಎರಡೂ ಕಡೆ ಕೈ ಚಾಚಿ ನಿಂತರು.

"ನನ್ನ ಹೊಸ್ತಿಲ ದಾಟಬ್ಯಾಡ."

"ನೀವು ಕರದಿಲ್ರಿ, ನನಗ ಗೊತ್ತೈತಿ," ಬಾಯಾರು ಅಂದರು. "ಕರದಾಕಿ ಒಳಗ ಅದಾಳ."

"ಈ ಊರಾಗ ನನ್ನ ಕೈಯಾಗ ಯಾವಾಕಿನೂ ಸತ್ತಿಲ್ಲ."

"ಇಕಿ ಮೊದಲನೇಕಿ ಆಗೋದು ಬ್ಯಾಡ. ನನಗ ಇನ್ನೊಂದು ಜೋಡಿ ಕೈ ಬೇಕು. ನಿಮ್ಮವ ಬೇಕು. ಉಗುರು ಕತ್ತರಿಸಿ, ಮೊಣಕೈ ತನಕ ತೊಳಕೊಂಡು ಬರ್ರಿ."

ಅತ್ತೆಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆಮೇಲೆ ಒಂದು ಕೈ ಇಳಿಯಿತು. ಅವರು ಬಚ್ಚಲಿಗೆ ಹೋದರು.

ಆ ಇಬ್ಬರೂ ನನ್ನ ಮೈಯ ಮೇಲೆಯೇ ಜಗಳಾಡಿದರು. ಬಾಯಾರು ಒತ್ತಿರಿ ಎಂದರೆ ಅತ್ತೆ ಈಗ ಬೇಡ ಎನ್ನುವರು. ಬಿಡಿರಿ ಎಂದರೆ ಇನ್ನೂ ಒತ್ತುವೆ ಎನ್ನುವರು. ಆದರೆ ಕೊನೆಗೆ ತಲೆ ಸಿಕ್ಕಿಕೊಂಡಾಗ ಇಬ್ಬರೂ ಜಗಳ ಬಿಟ್ಟರು. ಅತ್ತೆ ಮೇಲಿನಿಂದ ಹೊಟ್ಟೆ ಒತ್ತಿ ಹಿಡಿದರು. ಬಾಯಾರು ಕೆಳಗೆ ಮಂಡಿಯೂರಿ ಕೂಸಿನ ಮೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಮಗಳು ನೀಲಿಯಾಗಿ ಹುಟ್ಟಿದಳು. ಬಾಯಾರು ಬೆನ್ನು ತಿಕ್ಕಿ, ಬಾಯಿಗೆ ಬಾಯಿ ಇಟ್ಟು ಊದಿದರು. ಅವಳು ಅತ್ತ ಮೇಲೆ ಅತ್ತೆಯ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ ಉಳಿದ ಕೆಲಸ ಮುಗಿಸಿದರು.

ಬಾಯಾರು ಹೊರಗೆ ಹೋಗಿ ನೋಡಿದರೆ ಸೈಕಲ್ಲಿನ ಎರಡೂ ಗಾಲಿಯ ಟಯರುಗಳನ್ನು ಕೊಯ್ದು ಹಾಕಿದ್ದರು. ಮೈದುನ ಗೋಡೆಗೊರಗಿ ನಿಂತಿದ್ದ. ಅವರು ಅವನನ್ನು ನೋಡಿದರು, ಗಾಲಿ ನೋಡಿದರು, ಚೀಲ ಕಟ್ಟಿಕೊಂಡು ಯಲಬುರ್ಗಾದ ತನಕ ಆ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ನಡೆದರು. ಅತ್ತೆ ಮಗನನ್ನು ಅಂಗಳದಲ್ಲೇ, ನಾಲ್ಕು ಮಂದಿಯ ಎದುರಿಗೇ, ಕಟ್ಟಿಗೆಯಿಂದ ಹೊಡೆದರು. ಹಾಗೆಂದು ಅವರ ಮನಸ್ಸು ತಿರುಗಿತೆಂದಲ್ಲ. ಮೊಮ್ಮಗಳನ್ನು ತಾವೊಬ್ಬರೇ ಭೂಮಿಗೆ ಇಳಿಸಿದ್ದೆಂದು ಊರೆಲ್ಲ ಹೇಳಿಕೊಂಡು ಬಂದರು.

ನಾನು ಇದನ್ನು ಮುಂದೊಂದು ದಿನ ಹೊಲದ ಬದುವಿನಲ್ಲಿ ಬಾಯಾರಿಗೆ ಹೇಳಿದೆ. ಅತ್ತೆಯ ಪರವಾಗಿ ಕ್ಷಮೆಯನ್ನೂ ಕೇಳಿದೆ. ಅವರು ನನ್ನನ್ನೇ ಗದರಿದರು.

"ನಾ ಯಾರಿಗೂ ಕ್ಷಮಾ ಮಾಡಿಲ್ಲ. ನಿಮ್ಮೂರು ನನಗ ಒಂದು ದಿನಾನೂ ಸೇರಿಲ್ಲ."

ಹಾಗಿದ್ದರೆ ಯಾಕೆ ಬರುತ್ತೀರಿ ಎಂದು ಕೇಳಿದೆ. ಅವರು ಬಗ್ಗಿ ಸೈಕಲ್ಲಿನ ಚೈನು ಸರಿಮಾಡಿದರು.

"ಎರಡು ಊರ ನಡುವಿನ ದಾರಿ ಅಷ್ಟ ನಂದು ನೋಡವ್ವ. ಅದು ಬೇಕಂದ್ರ ಊರಿಗೂ ಬರಬೇಕಾಕ್ಕೈತಿ."

ರಜಾಕಾರರ ಗದ್ದಲದ ವರ್ಷ ದಾರಿಗಳೆಲ್ಲ ಬರಿದಾದವು. ಗಂಡಸರೇ ಒಂಟಿಯಾಗಿ ಊರು ದಾಟಲು ಅಂಜುತ್ತಿದ್ದರು. ಅವರ ಸೈಕಲ್ ಮಾತ್ರ ನಿಲ್ಲಲಿಲ್ಲ. ಅವರನ್ನು ನಿಲ್ಲಿಸಿದ್ದು ಜ್ವರ. ಕುಷ್ಟಗಿ ಕಡೆಯ ಒಂದು ಹಳ್ಳಿಯಿಂದ ಮಳೆಯಲ್ಲಿ ನೆನೆದುಕೊಂಡು ಬಂದು ಮಲಗಿದವರು ಏಳಲಿಲ್ಲ ಎಂದು ಸುದ್ದಿ ಬಂತು.

ನಾನು ಮಗಳನ್ನು ಕರೆದುಕೊಂಡು ಬಂಡಿ ಹತ್ತಿದೆ. ಹೊರಡುವ ಹೊತ್ತಿಗೆ ಅತ್ತೆ ಬಂದು, ಯಾರನ್ನೂ ಕೇಳದೆ, ಹಿಂದೆ ಹತ್ತಿ ಕೂತರು.

ದವಾಖಾನೆಯ ಹಿಂದಿನ ಕೋಣೆಯಲ್ಲಿ ಹೆಣವಿತ್ತು. ಹೊರಗೆ ಗಂಡಸರು ಸುಡಬೇಕೋ ಹೂಳಬೇಕೋ ಎಂದು ವಾದಿಸುತ್ತಿದ್ದರು. ಜಾತಿ ಗೊತ್ತಿಲ್ಲದ ಹೆಣವನ್ನು ಯಾರು ಮುಟ್ಟಬೇಕೆಂದು ಒಬ್ಬ ಕೇಳಿದ. ಬಾಯಾರ ಕೈಯಲ್ಲಿ ಹಡೆದ ಹೆಂಗಸರು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು, ಮುಂದೆ ಬರಲಿಲ್ಲ. ಅತ್ತೆ ಆ ಗಂಡಸರ ನಡುವೆ ಹಾದು ಹೋದರು.

"ಸುಡ್ರಿ, ಹೂಳ್ರಿ, ಅದು ನಿಮ್ಮ ಕೆಲಸ. ತೊಳಿಯೋದು ನಮ್ಮದು. ದಾರಿ ಬಿಡ್ರಿ."

ನಾನು ನೀರು ಹಾಕಿದೆ, ಅವರು ತೊಳೆದರು. ತೊಳೆಯುವಾಗಲೂ ಬೈಯುತ್ತಲೇ ಇದ್ದರು: ಎಂಥ ಸೊಕ್ಕಿನವಳು, ಯಾರ ಮಾತಾದರೂ ಕೇಳಿದಳೇ, ಮಳೆಯಲ್ಲಿ ಹೋಗುವ ಅವಸರ ಏನಿತ್ತು ಎಂದು. ಬಾಯಿ ಬೈಯುತ್ತಿತ್ತು. ಕೈ ಮಾತ್ರ ಆಗತಾನೆ ಹುಟ್ಟಿದ ಕೂಸಿನ ಮೈಮೇಲೆ ಆಡುವಂತೆ ಆಡುತ್ತಿತ್ತು. ಊರ ಹೊರಗೆ, ದಾರಿಯ ಪಕ್ಕ, ಹೂಳಿದರು.

ವಾಪಸು ಬರುವಾಗ ಬಂಡಿಯಲ್ಲಿ, ಅತ್ತೆ ಯಾಕೆ ಬಂದರೆಂದು ಕೇಳುವ ಧೈರ್ಯ ಮಾಡಿದೆ. ಅವರಿಗೆ ಸಿಟ್ಟು ಬಂತು.

"ನನ್ನ ಜೋಡಿ ಜಗಳಾಡಾಕ ಸರಿಸಮ ಇನ್ನ ಯಾರದಾರ?"

ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಮಗಳು ಆಗಲೇ ಬೆಳೆದು ಭಾರವಾಗಿದ್ದಳು. ಬಂಡಿ ದಿಬ್ಬ ಏರಿದರೂ ಇಳಿದರೂ, ಊರು ಮುಟ್ಟುವ ತನಕ, ಅತ್ತೆ ಅವಳನ್ನು ತೊಡೆಯಿಂದ ಇಳಿಸಲಿಲ್ಲ.