ಬಾಗಿಲ ಕಡೆಯ ನೆಲ

ಮಾಲ್ಸುನ್ ಎಂದರೆ ಕೊನೆಯ ಹುಡುಗಿ. ಒಂದರ ಹಿಂದೊಂದು ಹೆಣ್ಣೇ ಹುಟ್ಟಿ ಸಾಕಾದ ಅಪ್ಪ, ಇನ್ನು ಬೇಡಪ್ಪಾ ಎಂದು ದೇವರಿಗೇ ಕೇಳುವಂತೆ ಇಟ್ಟ ಹೆಸರು ಅದು. ಆದರೆ ಆ ಅಪ್ಪ ಕೆಲಸಕ್ಕೆ ಹೋಗುವಾಗ ಮಣ್ಣು ಕಲಸಲು ಕರೆದುಕೊಂಡು ಹೋಗುತ್ತಿದ್ದದ್ದು ಇದೇ ಬೇಡದ ಮಗಳನ್ನು. ಅವನದು ಬಿಸಿನೆಲ ಹಾಕುವ ಕಸುಬು. ಅಡುಗೆ ಒಲೆಯ ಬೆಂಕಿ ಕೋಣೆಯ ಕೆಳಗಿನ ಕಲ್ಲಿನ ಕಾಲುವೆಗಳಲ್ಲಿ ಹರಿದು, ನೆಲವನ್ನು ಕಾಯಿಸಿ, ಆಚೆ ಬದಿಯ ಚಿಮಣಿಯಲ್ಲಿ ಹೊಗೆಯಾಗಿ ಹೋಗಬೇಕು. ಹೊಸ ನೆಲ ಕಾದಾಗ ಅಪ್ಪ ಅದರ ಮೇಲೆ ಬೆನ್ನು ಚಾಚಿ "ಆಹಾ, ತಂಪಾಯ್ತು!" ಎನ್ನುತ್ತಿದ್ದ. ತಂಪಿರಬೇಕೆಂದು ನಂಬಿ ಪಕ್ಕದಲ್ಲೇ ಮಲಗಿದ ಪುಟ್ಟ ಮಾಲ್ಸುನ್ ಕಿಟಾರನೆ ಕಿರುಚಿ ಎದ್ದಿದ್ದಳು. ಕೊರಿಯಾದ ಈ ಬೆಟ್ಟಗಳಲ್ಲಿ ಬೆನ್ನು ಸುಡುವ ನೆಲವಾಗಲಿ, ನಾಲಿಗೆ ಸುಡುವ ಸಾರಾಗಲಿ, ಹಿತವಾದರೆ ಜನ ತಂಪು ಎನ್ನುತ್ತಾರೆ. ಅದು ಅರ್ಥವಾಗಲು ಸ್ವಲ್ಪ ವಯಸ್ಸಾಗಬೇಕು.

ಮದುವೆಯಾಗಿ ಬಂದ ಮನೆಯಲ್ಲಿ ಆ ಮಾತು ಅವಳ ಪಾಲಿಗೆ ಬರಲಿಲ್ಲ. ಎಷ್ಟೇ ಸೊಗಸಾಗಿ ಸಾರು ಕುದಿಸಿದರೂ ಅತ್ತೆ "ಪರವಾಗಿಲ್ಲ" ಎಂದು ಬಟ್ಟಲು ಕೆಳಗಿಡುತ್ತಿದ್ದರು. ಒಲೆ ಕಡೆಯ ನೆಲ ಹಿರಿಯರದು, ಬಾಗಿಲ ಕಡೆಯದು ಸೊಸೆಯದು. ಬಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸತ್ತಿರುತ್ತಿತ್ತು. ಇವಳಿಗೂ ತಲೆ ನರೆಯಿತು, ಜಾಗ ಮಾತ್ರ ಬದಲಾಗಲಿಲ್ಲ.

ಈ ಸಲ ನೆಲ ಕುಸಿದಾಗ ಗಂಡ ಸಂಗ್‌ಬೆ ಪೈಪು ಹಾಕಿಸಿ ಬಿಸಿನೀರು ಹರಿಸೋಣ ಎಂದ. ಮಾಲ್ಸುನ್ ಒಪ್ಪಲಿಲ್ಲ. ಅತ್ತೆಯನ್ನು ಕೆಳಗಿನ ಬೀದಿಯ ನಾದಿನಿ ಮನೆಗೆ ಕಳಿಸಿ, ತಲೆಗೆ ಟವಲು ಬಿಗಿದು, ಸುಗ್ಗಿ ಮುಗಿದ ಮೇಲೆ ತಾನೇ ನೆಲ ಅಗೆದು ಕಲ್ಲು ಕೂರಿಸಿದಳು. ಯಾವ ಕಲ್ಲು ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ: ಬಾಗಿಲ ಕಡೆಗೂ ಬಿಸಿ ಮುಟ್ಟಬೇಕು.

ಮೊದಲ ಬೆಂಕಿ ಹಾಕುವ ದಿನ ಅಂಗಳದ ನೀರು ಹೆಪ್ಪುಗಟ್ಟಿತ್ತು. ಆತುರಕ್ಕೆ ಸೌದೆ ತುರುಕಿ ಕಡ್ಡಿ ಗೀರಿದಳು. ಹೊಗೆ ಒಳಗೆ ಹೋದಂತೆ ಮಾಡಿ, ಮನಸ್ಸು ಬದಲಾಯಿಸಿ, ಒಲೆಯ ಬಾಯಿಂದಲೇ ಹೊರಗೆ ಬಂತು. ಅಡುಗೆಮನೆ ಕಾಣದಾಯಿತು.

ಗೋಡೆಯಾಚೆಯಿಂದ ನೆರೆಯ ಮಾನ್‌ಸೊಕ್ ತಲೆ ಎತ್ತಿದ. "ಅತ್ತಿಗೆ, ಮೀನು ಒಣಗಿಸ್ತಿದೀರೋ, ಅಣ್ಣನ್ನೋ?"

ಸಂಗ್‌ಬೆ ಕೆಮ್ಮುತ್ತಾ ಹೊರಗೆ ಬಂದ. "ನಗಬೇಡ ಕಣಯ್ಯಾ" ಎಂದು ಹೆಂಡತಿಯತ್ತ ತಿರುಗಿದ. "ಲೇ, ಸಂಜೆಗೆ ಅಮ್ಮ ಬರ್ತಾಳೆ. ಅಷ್ಟರೊಳಗೆ ನೆಲ ಕಾಯ್ಲಿಲ್ವೋ, ನಾಳೆ ಪೈಪಿನವನ್ನ ಕರೀತೀನಿ. ನಿನ್ ಕಲ್ಲೆಲ್ಲಾ ಹಿತ್ತಲಿಗೆ!"

"ಕರೀರಿ. ಅವನಿಗೂ ಒಂದು ಬಟ್ಟಲು ಅನ್ನ ಜಾಸ್ತಿ ಹಾಕಿದ್ರಾಯ್ತು."

ಬಾಯಿ ಜೋರಿತ್ತು, ಕಣ್ಣು ಮಾತ್ರ ಹೊಗೆ ಉಗುಳುವ ಒಲೆಯ ಮೇಲೇ ಇತ್ತು. ಆಗ ಅಪ್ಪನ ಕೆಲಸ ಕಣ್ಣಿಗೆ ಕಟ್ಟಿತು. ಚಳಿಯಲ್ಲಿ ಚಿಮಣಿಯ ತುಂಬ ತಣ್ಣನೆ ಗಾಳಿ ಬೀಡುಬಿಟ್ಟಿರುತ್ತದೆ; ಮೊದಲು ಅದನ್ನು ಎಬ್ಬಿಸಬೇಕು. ಇಷ್ಟು ಸಣ್ಣ ವಿಷಯ ಮರೆತೆನಲ್ಲಾ ಎಂದು ತನ್ನ ಹಣೆಗೆ ತಾನೇ ಬಡಿದುಕೊಂಡಳು. ಮನೆಯ ಹಿಂದೆ ಓಡಿ, ಚಿಮಣಿಯ ಬುಡದ ಕಿಂಡಿ ತೆರೆದು, ಒಂದು ಹಿಡಿ ಭತ್ತದ ಹುಲ್ಲಿಗೆ ಬೆಂಕಿ ಇಟ್ಟಳು. ಹುಲ್ಲು ಭಗ್ಗೆಂದಿತು. ಚಿಮಣಿ ಒಮ್ಮೆ ಗಂಟಲು ಸರಿಮಾಡಿಕೊಂಡು ಬುಸ್ಸೆಂದು ಬಿಳಿ ಹೊಗೆ ಬಿಟ್ಟಿತು. ಅಡುಗೆಮನೆಗೆ ಬಂದು ನೋಡಿದರೆ ಜ್ವಾಲೆ ತಲೆ ಬಾಗಿಸಿ ಒಳಗೆ ಓಡುತ್ತಿತ್ತು.

"ಎಳೀತು! ಎಳೀತು ಕಣ್ರೀ!" ಎಂದು ಮಾಲ್ಸುನ್ ಕುಣಿದೇಬಿಟ್ಟಳು.

ಗಂಡ ಹುರುಪಿನಲ್ಲಿ ದೊಡ್ಡ ಕೊರಡು ಎತ್ತಿ ತಂದ. ಅವಳು ಅವನ ಕೈಗೊಂದು ಏಟು ಕೊಟ್ಟಳು. "ಹಸಿ ಮಣ್ಣು ರೀ! ಜೋರಾಗಿ ಉರಿಸಿದ್ರೆ ಬಿರಿಯತ್ತೆ. ಕಡ್ಡಿ ತನ್ನಿ, ಕಡ್ಡಿ."

ಅವನು ಕಡ್ಡಿ ಮುರಿದು ಮುರಿದು ಕೊಟ್ಟ. ನೆಲದಲ್ಲಿ ಹೊಗೆ ಎಳೆಯಾಗಿ ಏಳುವ ಕಡೆಯಲ್ಲೆಲ್ಲ ಅವಳು ಮಣ್ಣು ಮೆತ್ತಿದಳು. ಮಧ್ಯಾಹ್ನಕ್ಕೆ ಒಲೆ ಕಡೆ ಬೆಚ್ಚಗಾಯಿತು. ಬಾಗಿಲ ಕಡೆ ಅಂಗೈ ಇಟ್ಟರೆ ಹಳೆಯ ಚಳಿಯೇ. ಮತ್ತೆ ಇಟ್ಟು ನೋಡಿದಳು, ಅದೇ. ಆಮೇಲೆ ಮುಟ್ಟಲು ಧೈರ್ಯ ಬರಲಿಲ್ಲ. ಚಾಪೆ ಹಾಸಿ, ಕೆಂಪು ಕಾಳಿನ ಅಕ್ಕಿ ಕಡುಬನ್ನು ಹಬೆಗಿಟ್ಟು, ಬೆಂಕಿಯ ಮುಂದೆಯೇ ಕುಳಿತಳು.

ಸಂಜೆ ಅತ್ತೆ ಕೋಲು ಊರುತ್ತಾ ಬಂದರು. ಹಿಂದೆ ಮಾನ್‌ಸೊಕ್, ಕೈಯಲ್ಲಿ ಹೂಜಿ ತುಂಬ ಅಕ್ಕಿಯ ಹೆಂಡ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರೆಲ್ಲ ನಿಂತೇ ಇದ್ದರು. ಅತ್ತೆ ಬಗ್ಗಿ ಒಲೆ ಕಡೆ ಅಂಗೈ ಇಟ್ಟರು. ಹುಬ್ಬು ಗಂಟಿಕ್ಕಿ ಕೋಣೆಯ ನಡುವಿಗೆ ತೆವಳಿದರು. ಅಲ್ಲಿಂದ ಬಾಗಿಲ ತನಕ ತೆವಳಿಕೊಂಡೇ ಹೋದರು.

ಮಾನ್‌ಸೊಕ್ ಕಾಲು ಬದಲಾಯಿಸುತ್ತಾ ಗೊಳ್ಳೆಂದು ನಕ್ಕ. "ಅಯ್ಯಯ್ಯೋ, ಎಲ್ಲಾ ಕಡೆ ಒಂದೇ ಬಿಸಿ! ಈಗ ದೊಡ್ಡೋರನ್ನ ಎಲ್ಲಿ ಕೂರಿಸೋದು? ನಾನೆಲ್ಲಿ ಕೂರ್ಲಿ?"

"ಏನೇ ಇದು ಎಡವಟ್ಟು?" ಎಂದರು ಅತ್ತೆ. "ಮೇಲು ಕೀಳು ಇಲ್ದಿರೋ ನೆಲ ಯಾರಾದ್ರೂ ಹಾಕ್ತಾರಾ?"

ಮುಟ್ಟಿತಾ? ಬಾಗಿಲಿಗೂ ಮುಟ್ಟಿತಾ? ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದ ಮಾಲ್ಸುನ್‌ಗೆ ನಗು ತಡೆಯಲಾಗಲಿಲ್ಲ. "ಒಲೆ ಕಡೆ ದಪ್ಪ ಕಲ್ಲು ಹಾಕ್ದೆ ಅತ್ತೆ, ಬಾಗಿಲ ಕಡೆ ತೆಳು ಕಲ್ಲು. ಬೇಕೂಂತಲೇ."

"ಯಾಕೆ?"

"ಅಲ್ಲಿ ನನ್ನ ಕಾಲು ಮರಗಟ್ತಿತ್ತು."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಕೋಲು ಪಕ್ಕಕ್ಕಿಟ್ಟು, ಅದೇ ಬಾಗಿಲ ಕಡೆ, ಸೊಸೆ ದಿನಾ ಮಲಗುತ್ತಿದ್ದ ಜಾಗದಲ್ಲಿ, ಬೆನ್ನು ಚಾಚಿ ಕಣ್ಣು ಮುಚ್ಚಿದರು.

"ಆಹಾ," ಎಂದರು. "ತಂಪಾಯ್ತು ಕಣೇ."

ಮಾಲ್ಸುನ್ ನಿಂತಲ್ಲೇ ನಿಂತಳು.

"ಏನ್ ನೋಡ್ತೀಯ? ನಾನಿಲ್ಲಿಂದ ಏಳಲ್ಲ. ಹೋಗಿ ಒಲೆ ಕಡೆ ಕೂತ್ಕೋ."

ಅಲ್ಲಿ ಕೂತು ಅವಳಿಗೆ ರೂಢಿಯೇ ಇಲ್ಲ. ಮಂಡಿ ಮಡಚಿ, ಅರ್ಧ ಕೂತು ಅರ್ಧ ಎದ್ದಂತೆ ಕೂತಳು. ಸಂಗ್‌ಬೆ ಹಬೆಯಾಡುವ ಕಡುಬಿನ ತಟ್ಟೆ ತಂದ. ಹುಟ್ಟಿದಾಗಿನಿಂದ ಮೊದಲ ತುಂಡನ್ನು ಒಲೆ ಕಡೆ ಕೂತವರಿಗೆ ಕೊಟ್ಟು ಅಭ್ಯಾಸವಾದ ಮನುಷ್ಯ, ಯೋಚನೆಯೇ ಇಲ್ಲದೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಹೆಂಡತಿಯ ಮುಂದೆ ಬಗ್ಗಿದ. ಬಗ್ಗಿದ ಮೇಲೆ ಯಾರೆಂದು ನೋಡಿ ಬೆಪ್ಪಾದ. ಮಾನ್‌ಸೊಕ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

ಬಾಗಿಲ ಕಡೆಯಿಂದ ಕಣ್ಣು ತೆರೆಯದೆಯೇ ಅತ್ತೆ ಹೇಳಿದರು: "ತಗೊಳ್ಳೇ, ಆರೋಗತ್ತೆ."