ಎರಡು ಸಲ ಸತ್ತವನು

ನಮ್ಮ ನಾಟಕ ಕಂಪನಿ ಅಫಜಲಪುರದಲ್ಲಿ ಟೆಂಟ್ ಹಾಕಿದ್ದಾಗಿನ ಮಾತು. ಕೊನೆಯ ದೃಶ್ಯದಲ್ಲಿ ನಾನು ಎದೆಗೆ ಗುಂಡು ಬಿದ್ದು, ಅವ್ವನನ್ನು ನೆನೆಯುತ್ತ ಹಾಡಿ ಸಾಯಬೇಕು. ಸತ್ತ ಕೂಡಲೇ ಜನ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು. ಪೇಟಿ ಮಾಸ್ತರರು ಹಾರ್ಮೋನಿಯಂ ಮೇಲೆ ಮತ್ತೆ ಸ್ವರ ಹಿಡಿಯುತ್ತಿದ್ದರು. ನಾನು ಎದ್ದು, ಧೋತರ ಝಾಡಿಸಿಕೊಂಡು, ಅದೇ ಹಾಡು ಹಾಡಿ ಮತ್ತೆ ಸಾಯುತ್ತಿದ್ದೆ. ನಟನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಒಂದು ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಚೌಡಾಪುರದ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿ ಹತ್ತಿರ ಬಂದಳು.

"ನಿನ್ನೆ ನಾಟಕದಾಗ ಸತ್ತಾಂವ ನೀನೇ ಹೌದಲ್ಲೋ ತಮ್ಮಾ?"

"ಹೌದ್ ಬೇ ಯವ್ವಾ," ಎಂದೆ, ಹೊಗಳುತ್ತಾಳೆಂದು ಎದೆ ಉಬ್ಬಿಸಿ.

"ಒಮ್ಮೆ ಸತ್ತಾಂವ ಎದ್ದು ನಿಂತಿದ್ದಿಯಲ್ಲ, ಹಂಗೇ ಮನಿಗೆ ಹೋಗೂದ್ ಬಿಟ್ಟು ಮತ್ಯಾಕ ಸತ್ತಿ? ಅವ್ವಾ ಅವ್ವಾ ಅಂತ ಅಷ್ಟ್ ಅಳಾಕತ್ತಿದ್ದಿ!"

"ಮಂದಿ ಒನ್ಸ್ ಮೋರ್ ಅಂದ್ರಲ್ಲ ಬೇ."

"ಮಂದಿ ಹಾಡು ಅಂದ್ರು. ಸಾಯಿ ಅಂದ್ರೇನು?"

ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಬಸ್ ಬಂತು, ಹತ್ತಿ ಹೋದಳು.

ನಮ್ಮೂರು ಯಡ್ರಾಮಿಯಲ್ಲಿ ನನ್ನ ಅವ್ವ ಬದುಕಿದ್ದ ಕಾಲವದು. ಅಲ್ಲಿಗೂ ಬಸ್ಸಿತ್ತು. ಈ ಕ್ಯಾಂಪ್ ಮುಗಿಯಲಿ, ಹೋದರಾಯಿತು ಎಂದುಕೊಂಡೆ. ಕ್ಯಾಂಪ್ ಮುಗಿಯುವ ಮೊದಲೇ ಅವ್ವ ಹೋಗಿಬಿಟ್ಟಳು.

ಆಮೇಲೆ ಊರೂರಿಗೆ ವಿಡಿಯೋ ಬಂತು, ಟೆಂಟ್ ಮುಕ್ಕಾಲು ಖಾಲಿಯಾಯಿತು. ಒನ್ಸ್ ಮೋರ್ ಅನ್ನುವವರು ಯಾರೂ ಇಲ್ಲ. ಈಗ ಒಂದೇ ಸಲ ಸತ್ತು ಎದ್ದುಬಿಡುತ್ತೇನೆ. ಮನೆಗೆ ಹೋಗಲು ಬೇಕಾದಷ್ಟು ಹೊತ್ತು ಉಳಿಯುತ್ತದೆ.