ಬೆಳಕು ಸಾಲದ ಗೂಡು

ಸಿದ್ದರಬೆಟ್ಟದ ಬುಡದ ಪೊದೆಯೊಂದರಲ್ಲಿ ಪಿಕಳಾರದ ಗೂಡು ಸಿಕ್ಕಿತು. ಒಳಗೆ ಪುಕ್ಕ ಬಾರದ ಮರಿಗಳು. ಜೊತೆಗೆ ಬಂದಿದ್ದ ಫೋಟೋಗ್ರಾಫರ್ ಮಿತ್ರರೊಬ್ಬರು, “ಬೆಳಕು ಸಾಲದು, ರೀಲು ದಂಡವಾಗುತ್ತೆ” ಎಂದವರೇ ಗೂಡಿನ ಮೇಲಿನ ಕೊಂಬೆಗಳನ್ನೆಲ್ಲ ಕತ್ತರಿಸಿ ಎಸೆದರು. ಮಟಮಟ ಮಧ್ಯಾಹ್ನದ ಬಿಸಿಲು ನೇರ ಮರಿಗಳ ಮೇಲೆ ಬಿತ್ತು. ಅವು ಬಾಯಿ ತೆರೆದು ಏದುಸಿರು ಬಿಡತೊಡಗಿದವು. “ಒಳ್ಳೇ ಪೋಸು” ಎಂದರು ಪುಣ್ಯಾತ್ಮರು.

ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. “ಅಲ್ಲ ಕಣಣ್ಣ, ಬಾಣಂತಿ ನೋಡಕ್ಕೆ ಬಂದೋರು ಮನೆ ಸೂರು ಕಿತ್ತಾಕ್ತಾರಾ?”

ಮಿತ್ರರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವರ ಹೆಗಲ ಮೇಲಿದ್ದ ಟವೆಲ್ ಎಳೆದುಕೊಂಡು, ಉಳಿದ ಮೋಟುಕೊಂಬೆಗಳಿಗೆ ಚಪ್ಪರದಂತೆ ಕಟ್ಟಿದೆ.

“ನನ್ನ ಟವೆಲ್ ಕೊಡ್ರೀ” ಎಂದರು.

“ಕೊಡ್ತೀನಿ. ಮೊದಲು ಆ ಕೊಂಬೆ ಅಂಟಿಸಿ ಬನ್ನಿ” ಎಂದೆ.